ಕಾಫಿ ಮೇಣದಿಂದ ಇಲಿ ಚೇತರಿಸಿತಂತೆ, ಅಪ್ಪನಿಗೆ ಯಾವಾಗ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು. 5 ಎಕರೆ ಕಾಫಿ, ನಡುವೆ ಮೆಣಸು. ಅಪ್ಪನಿಗೆ 68 ವರ್ಷ. 5 ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಹಾಸನದಲ್ಲಿ ತೋರಿಸುತ್ತಿದ್ದೇವೆ. ದಿನಕ್ಕೆ ನಾಲ್ಕು ಸಲ ಸಿಂಡೋಪಾ ಮಾತ್ರೆ ಕೊಡುತ್ತೇವೆ. ಈಗೀಗ ಮಾತ್ರೆಯ ಶಕ್ತಿ ಬೇಗ ಇಳಿದುಹೋಗುತ್ತದೆ. ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಹೆಜ್ಜೆ ಕೀಳಲು ಆಗದೆ ನಿಂತುಬಿಡುತ್ತಾರೆ. ಕಾಫಿ ಬೀಜದ ಮೇಣದಲ್ಲಿರುವ ಒಂದು ಅಂಶ ಮತ್ತು ಕೆಫೀನ್ ಸೇರಿ ಇಲಿಗಳಲ್ಲಿ ಪಾರ್ಕಿನ್ಸನ್ ತಡೆದಿದೆ ಎಂಬ ಸುದ್ದಿ ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಬಂತು. ಅಪ್ಪನಿಗೆ ಕಾಫಿ ಜಾಸ್ತಿ ಕೊಡಬಹುದೇ? ಆ ಔಷಧ ಯಾವಾಗ ಬರುತ್ತದೆ? ಇಲಿಗೆ ಗುಣ ಕಂಡ ಮೇಲೂ ಏಕೆ ಕಾಯಬೇಕು? ಅಪ್ಪ ಬಹಳ ವರ್ಷ ತಾವೇ ತೋಟಕ್ಕೆ ಕಳೆನಾಶಕ ಹೊಡೆದವರು, ಅದರಿಂದ ಬಂತೇ? ಪಕ್ಕದ ತೋಟದವರು ನಸುಗುನ್ನಿ ಪುಡಿ ಕೊಡಿ ಎನ್ನುತ್ತಾರೆ. ಕೊಡಲೇ?

ಉತ್ತರ: ಮೊದಲು ಕಾಫಿ ವಿಷಯ ಹೇಳಿಬಿಡುತ್ತೇನೆ, ಅದು ನಿಮಗೆ ಇವತ್ತು ಸಂಜೆಯೇ ಬೇಕಾದ ಉತ್ತರ. ತಂದೆಯವರು ಈಗ ಎಷ್ಟು ಕುಡಿಯುತ್ತಾರೋ ಅಷ್ಟೇ ಕುಡಿಯಲಿ. ಮದ್ದು ಎಂದು ಲೋಟದ ಲೆಕ್ಕ ಹೆಚ್ಚಿಸಬೇಡಿ. ಕಾಫಿ ಜಾಸ್ತಿಯಾದರೆ ಕೆಲವರಿಗೆ ಕೈ ನಡುಕ ಹೆಚ್ಚುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಹಲವರಿಗೆ ನಿದ್ದೆ ಮೊದಲೇ ಸರಿ ಇರುವುದಿಲ್ಲ. ಕಣದಲ್ಲಿ ಒಣಗಿದ ಬೀಜವನ್ನು ಹುರಿಯದೆ ಪುಡಿ ಮಾಡಿ ಕುದಿಸಿ ಕುಡಿಸಿ, ಮೇಣವೆಲ್ಲ ಅದರಲ್ಲೇ ಇರುತ್ತದೆ ಎಂಬ ಸಲಹೆಯೂ ಗುಂಪಿನಲ್ಲಿ ಇಷ್ಟರಲ್ಲೇ ಬರುತ್ತದೆ, ನೋಡುತ್ತಿರಿ. ಅದೂ ಬೇಡ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಾನು ಔಷಧಶಾಸ್ತ್ರದವನು. ಹೊಸ ಔಷಧ ಮನುಷ್ಯರ ಹತ್ತಿರ ಬರುವ ಮೊದಲು ಅದನ್ನು ಜೀವಕೋಶಗಳಲ್ಲಿ, ಇಲಿಗಳಲ್ಲಿ ಪರೀಕ್ಷಿಸುತ್ತಾರಲ್ಲ, ಆ ಹಂತ ನನಗೆ ಗೊತ್ತಿರುವ ಜಾಗ. ನಾನು ನರರೋಗ ತಜ್ಞನಲ್ಲ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಡಾಕ್ಟರ ಕೆಲಸ. ಇಲಿಯ ಸುದ್ದಿಯನ್ನು ಹೇಗೆ ಓದಬೇಕು ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಸುದ್ದಿ ಸುಳ್ಳಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಮರಾಲ್ ಮೌರಾಡಿಯನ್ ಅವರ ತಂಡ 2018ರಲ್ಲಿ ಇದನ್ನು ಪ್ರಕಟಿಸಿತು. ಕಾಫಿ ಬೀಜದ ಹೊರಮೈಯಲ್ಲಿ ತೆಳ್ಳನೆಯ ಮೇಣ ಇರುತ್ತದೆ. ಅದರಲ್ಲಿ ಇಎಚ್‌ಟಿ ಎಂದು ಚಿಕ್ಕದಾಗಿ ಕರೆಯುವ ಒಂದು ವಸ್ತುವಿದೆ. ಪಾರ್ಕಿನ್ಸನ್ ಇದ್ದವರ ಮಿದುಳಿನ ಜೀವಕೋಶಗಳಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟು ಕಟ್ಟಿಕೊಂಡಿರುತ್ತದೆ. ಹಾಗೆ ಗಂಟಾಗದಂತೆ ತಡೆಯಲು ನೆರವಾಗುವ ಒಂದು ಕಿಣ್ವ ನಮ್ಮ ಜೀವಕೋಶಗಳಲ್ಲೇ ಇದೆ. ಇಲಿಗಳಿಗೆ ಇಎಚ್‌ಟಿ ಒಂದನ್ನೇ ಸ್ವಲ್ಪ ಕೊಟ್ಟರು, ಪ್ರಯೋಜನ ಕಾಣಲಿಲ್ಲ. ಕೆಫೀನ್ ಒಂದನ್ನೇ ಸ್ವಲ್ಪ ಕೊಟ್ಟರು, ಅದೂ ಅಷ್ಟೇ. ಎರಡನ್ನೂ ಸೇರಿಸಿ ಕೊಟ್ಟಾಗ ಆ ಕಿಣ್ವ ಚುರುಕಾಯಿತು, ಗಂಟು ಕಡಿಮೆಯಾಯಿತು, ಇಲಿಗಳ ಓಡಾಟವೂ ಸುಧಾರಿಸಿತು. ನನಗೆ ಈ ಕೆಲಸ ಇಷ್ಟ. ಕಾಯಿಲೆ ಒಳಗೆ ಹೇಗೆ ನಡೆಯುತ್ತದೆ ಎಂಬುದರ ಒಂದು ಎಳೆ ಹಿಡಿದು ಹೋಗಿದ್ದಾರೆ. ಸುಮ್ನೆ ನೂರು ರಾಸಾಯನಿಕ ಕೊಟ್ಟು ಯಾವುದು ಹಿಡಿಯುತ್ತದೋ ನೋಡೋಣ ಎಂದು ಮಾಡಿದ್ದಲ್ಲ.

ತೊಡಕು ಇರುವುದು ಇಲಿಯ ಕಡೆ. ಇಲಿಗೆ ತಾನಾಗಿ ಪಾರ್ಕಿನ್ಸನ್ ಬರುವುದೇ ಇಲ್ಲ. ಎರಡು ಮೂರು ವರ್ಷ ಬದುಕುವ ಪ್ರಾಣಿ ಅದು. ನಿಮ್ಮ ತಂದೆಯವರಿಗೆ ನಡುಕ ಕಾಣಿಸಿಕೊಂಡದ್ದು 5 ವರ್ಷದ ಹಿಂದೆ ಇರಬಹುದು. ಆದರೆ ಕಾಯಿಲೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಒದರುವುದು, ಇವೆಲ್ಲ ನಡುಕಕ್ಕಿಂತ ಹತ್ತಾರು ವರ್ಷ ಮೊದಲೇ ಬಂದಿರಬಹುದು. ನಡುಮಿದುಳಿನಲ್ಲಿ ಓಡಾಟಕ್ಕೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತಾ, ಹೆಚ್ಚುಕಮ್ಮಿ ಅರ್ಧ ಹೋದ ಮೇಲೆ ನಮ್ಮ ಕಣ್ಣಿಗೆ ಬೀಳುತ್ತದೆ. ಇಷ್ಟು ನಿಧಾನದ ಕಾಯಿಲೆಯನ್ನು ಲ್ಯಾಬಿನಲ್ಲಿ ಇಲಿಗೆ ಬರಿಸಬೇಕು ಎಂದರೆ ಅಡ್ಡದಾರಿ ಹಿಡಿಯಲೇಬೇಕು.

ಎರಡು ಅಡ್ಡದಾರಿಗಳಿವೆ. ಒಂದು, ಆ ಸಿನ್ಯೂಕ್ಲಿನ್ ಪ್ರೋಟೀನನ್ನೇ ಇಲಿಯ ಮಿದುಳಿನಲ್ಲಿ ಮಿತಿಮೀರಿ ತುಂಬಿಸುವುದು. ಅದಕ್ಕೆ ಇಲಿಯ ವಂಶವಾಹಿ ತಿದ್ದುತ್ತಾರೆ, ಇಲ್ಲವೇ ಗಂಟಾದ ಪ್ರೋಟೀನನ್ನು ಸೂಜಿಯಲ್ಲಿ ಮಿದುಳಿಗೆ ಬಿಡುತ್ತಾರೆ. ಕಾಫಿ ಮೇಣದ ಪ್ರಯೋಗ ಈ ಬಗೆಯದು. ಇನ್ನೊಂದು ವಿಷದ ದಾರಿ. ಅದರ ಕಥೆ ಸ್ವಲ್ಪ ಉದ್ದ. ಆದರೆ ನಿಮ್ಮ ಕಳೆನಾಶಕದ ಪ್ರಶ್ನೆಗೂ ಅದೇ ಬೇರು, ಹಾಗಾಗಿ ಹೇಳುತ್ತೇನೆ.

1982ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ಕೆಲವು ಯುವಕ ಯುವತಿಯರು ಬಂದರು. ಮೈ ಪೂರ್ತಿ ಬಿಗಿದಿತ್ತು, ಮಾತು ಬರುತ್ತಿರಲಿಲ್ಲ. ಎಚ್ಚರವೇನೋ ಇತ್ತು. ಮುದುಕರಲ್ಲಿ ವರ್ಷಗಟ್ಟಲೆ ಕಾದು ಬರುವ ಪಾರ್ಕಿನ್ಸನ್ ಇವರಿಗೆ ಕೆಲವೇ ದಿನಗಳಲ್ಲಿ ಬಂದಿತ್ತು. ನಿಮ್ಮ ತಂದೆಯವರ ಸಿಂಡೋಪಾ ಮಾತ್ರೆಯಲ್ಲಿರುವ ಲೆವೊಡೋಪಾ ಎಂಬ ಔಷಧ ಕೊಟ್ಟಾಗ ಮೈ ಸಡಿಲವಾಯಿತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ವೈದ್ಯರು ಬೆನ್ನು ಹತ್ತಿ ನೋಡಿದರು. ಎಲ್ಲರೂ ಕದ್ದು ತಯಾರಿಸಿದ ಕೃತಕ ಹೆರಾಯಿನ್ ಚುಚ್ಚಿಕೊಂಡವರು. ತಯಾರಿಸುವಾಗ ಎಡವಟ್ಟಾಗಿ ಅದರಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಸೇರಿಕೊಂಡಿತ್ತು. ಇದು ಮಿದುಳಿಗೆ ಸಲೀಸಾಗಿ ಹೋಗುತ್ತದೆ. ಅಲ್ಲಿ ಮಾವೋ-ಬಿ ಎಂಬ ಕಿಣ್ವ ಇದನ್ನು ಎಂಪಿಪಿ ಪ್ಲಸ್ ಎಂಬ ನಿಜವಾದ ವಿಷವಾಗಿ ಮಾರ್ಪಡಿಸುತ್ತದೆ. ಡೋಪಮಿನ್ ಜೀವಕೋಶಗಳು ತಾವು ಹೊರಗೆ ಬಿಟ್ಟ ಡೋಪಮಿನ್ನನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಆ ದಾರಿಯಲ್ಲೇ ಈ ವಿಷವೂ ಒಳಗೆ ಹೋಗಿ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಕೆಲಸ ಮಾಡದಂತೆ ಮಾಡುತ್ತದೆ. ಬೇರೆ ಜೀವಕೋಶಗಳಿಗೆ ಅಷ್ಟಾಗಿ ಏನೂ ಆಗುವುದಿಲ್ಲ, ಇವು ಮಾತ್ರ ಸಾಯುತ್ತವೆ.

ಸಂಶೋಧಕರಿಗೆ ಇದು ದೊಡ್ಡ ಬಾಗಿಲು ತೆರೆದ ಹಾಗಾಯಿತು. ಮಂಗಗಳಿಗೆ ಎಂಪಿಟಿಪಿ ಕೊಟ್ಟರೆ ಮನುಷ್ಯರಂತೆಯೇ ಲಕ್ಷಣ ಬಂತು. ತಮಾಷೆ ಎಂದರೆ ಲ್ಯಾಬಿನ ದೊಡ್ಡ ಇಲಿಗೆ, ಅಂದರೆ ರ‍್ಯಾಟಿಗೆ, ಈ ವಿಷ ಹೆಚ್ಚೇನೂ ಮಾಡುವುದಿಲ್ಲ. ಪುಟ್ಟ ಇಲಿಯಲ್ಲೂ ಒಂದು ಕಪ್ಪು ತಳಿಗೆ ಚೆನ್ನಾಗಿ ತಗಲುತ್ತದೆ, ಕೆಲವು ತಳಿಗಳಿಗೆ ಅಷ್ಟಾಗಿ ಇಲ್ಲ. ಒಂದೇ ವಿಷ, ಪ್ರಾಣಿ ಬದಲಾದ ಹಾಗೆ ಬೇರೆ ಬೇರೆ ಫಲ. ಇಷ್ಟು ತಿಳಿದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಸಿಕ್ಕ ಹಾಗೆ, ಅಲ್ವಾ?

ಉಳಿದರ್ಧಕ್ಕೆ ನಿಮ್ಮ ತೋಟದ ಉದಾಹರಣೆಯೇ ಕೊಡುತ್ತೇನೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಅದು ತಿಂಗಳುಗಟ್ಟಲೆ ಒಳಗೇ ತಿನ್ನುತ್ತದೆ, ಎಲೆ ಹಳದಿಯಾಗುವ ಹೊತ್ತಿಗೆ ಕಾಂಡ ಟೊಳ್ಳು. ಈಗ ಯಾರೋ ಒಬ್ಬರು ಒಳ್ಳೆಯ ಗಿಡದ ಬುಡಕ್ಕೆ ಕುದಿಯುವ ನೀರು ಹೊಯ್ದು ಎಲೆ ಹಳದಿ ಮಾಡುತ್ತಾರೆ ಎನ್ನಿ. ಹೊಯ್ಯುವ ಮೊದಲು ಬುಡಕ್ಕೆ ಏನೋ ಹಚ್ಚಿದ ಗಿಡ ಹಳದಿಯಾಗಲಿಲ್ಲ. ಕಾಂಡಕೊರಕಕ್ಕೆ ಮದ್ದು ಸಿಕ್ಕಿತು ಎಂದರೆ ನೀವು ಒಪ್ಪುತ್ತೀರಾ?

ಇಲಿ ಪ್ರಯೋಗದಲ್ಲಿ ನಡೆಯುವುದು ಹೆಚ್ಚಾಗಿ ಹೀಗೆ. ಇಲಿ ಎಳೆಯದು, ಎರಡು ಮೂರು ತಿಂಗಳಿನದು. ಎಲ್ಲವೂ ಒಂದೇ ತಳಿ, ಒಂದೇ ಮೇವು, ಎಷ್ಟೋ ಸಲ ಎಲ್ಲವೂ ಗಂಡು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಬಹಳಷ್ಟು ಪ್ರಯೋಗಗಳಲ್ಲಿ ಔಷಧವನ್ನು ವಿಷಕ್ಕೆ ಮೊದಲೇ ಇಲ್ಲವೇ ಅದರ ಜೊತೆಯಲ್ಲೇ ಕೊಟ್ಟಿರುತ್ತಾರೆ. ನಿಮ್ಮ ತಂದೆಯವರ ವಿಷಯದಲ್ಲಿ ಆ ಹೊತ್ತು ಎಂದೋ ಮುಗಿದಿದೆ. ಇದರ ಮೇಲೆ, ಫಲ ಕೊಡದ ಇಲಿ ಪ್ರಯೋಗಗಳು ಎಷ್ಟೋ ಸಲ ಪ್ರಕಟವಾಗುವುದೇ ಇಲ್ಲ. ಪತ್ರಿಕೆಯವರೆಗೆ ಬರುವುದು ಗೆದ್ದವು ಮಾತ್ರ.

ಹಾಗಂತ ಪ್ರಾಣಿ ಪ್ರಯೋಗವೆಲ್ಲ ದಂಡ ಎನ್ನುವವರ ಜೊತೆಗೂ ನಾನಿಲ್ಲ. ನಿಮ್ಮ ತಂದೆಯವರು ದಿನಕ್ಕೆ ನಾಲ್ಕು ಸಲ ನುಂಗುವ ಮಾತ್ರೆ ಬಂದದ್ದೇ ಅಲ್ಲಿಂದ. ಸರ್ಪಗಂಧಿ ಬೇರು ನಮ್ಮ ಕಡೆ ಹಳೆಯ ಮದ್ದು. ಅದರಿಂದ 1952ರಲ್ಲಿ ರೆಸರ್ಪಿನ್ ಎಂಬ ರಾಸಾಯನಿಕ ತೆಗೆದರು, ಬಿಪಿಗೆ ಮತ್ತು ಮಾನಸಿಕ ಕಾಯಿಲೆಗೆ ಬಳಸಿದರು. ತೆಗೆದುಕೊಂಡ ಕೆಲವರಿಗೆ ಪಾರ್ಕಿನ್ಸನ್ ತರಹದ ಬಿಗಿತ ಬರುತ್ತಿತ್ತು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು ಅಲ್ಲಾಡದೆ ಬಿದ್ದವು. ಆಮೇಲೆ ಡೋಪಾ ಚುಚ್ಚಿದರು. ಮಿದುಳಿಗೆ ಹೋಗಿ ಡೋಪಮಿನ್ ಆಗುವ ವಸ್ತು ಅದು, ಲೆವೊಡೋಪಾ ಅದರದೇ ಒಂದು ರೂಪ. ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಇದು 1957ರ ಮಾತು. ಅಲ್ಲಿಯವರೆಗೆ ಡೋಪಮಿನ್ ಎಂದರೆ ಬೇರೊಂದು ರಾಸಾಯನಿಕ ತಯಾರಾಗುವಾಗ ನಡುವೆ ಬರುವ ವಸ್ತು, ಅಷ್ಟೇ ಎಂದುಕೊಂಡಿದ್ದರು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ಅವರು ಸತ್ತ ಪಾರ್ಕಿನ್ಸನ್ ರೋಗಿಗಳ ಮಿದುಳು ಪರೀಕ್ಷಿಸಿ ಡೋಪಮಿನ್ ಬಹಳ ಕಡಿಮೆ ಇದೆ ಎಂದು ತೋರಿಸಿದರು. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ರೋಗಿಗಳಿಗೆ ಡೋಪಾವನ್ನು ಬಾಯಿಂದ ಕೊಡುವ ಸರಿಯಾದ ಕ್ರಮ ಕಂಡುಕೊಂಡರು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಎಲ್ಲ ಸರಿಯಾಗಿ ಕೂಡಿಬಂದ ಈ ಔಷಧಕ್ಕೂ ಮೊಲದಿಂದ ಮನುಷ್ಯನ ಮಾತ್ರೆಗೆ ಬರಲು 10 ವರ್ಷ ಹಿಡಿಯಿತು ಎಂಬುದನ್ನು ಗಮನಿಸಿ.

ಎಂಪಿಟಿಪಿ ಮಂಗಗಳೂ ಹೀಗೇ ದೊಡ್ಡ ಉಪಕಾರ ಮಾಡಿವೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಆಳದ ಒಂದು ಪುಟ್ಟ ಭಾಗ ಅತಿಯಾಗಿ ಕೆಲಸ ಮಾಡುತ್ತಿರುತ್ತದೆ. ಅದನ್ನು ಅಡಗಿಸಿದರೆ ಮಂಗ ಸಲೀಸಾಗಿ ಓಡಾಡುತ್ತದೆ ಎಂದು ಮಹ್ಲಾನ್ ಡೆಲಾಂಗ್ ಅವರ ತಂಡ 1990ರಲ್ಲಿ ತೋರಿಸಿತು. ಮೂರೇ ವರ್ಷಕ್ಕೆ ಫ್ರಾನ್ಸಿನಲ್ಲಿ ಅಲಿಂ ಲೂಯಿ ಬೆನಬಿದ್ ಅದೇ ಜಾಗಕ್ಕೆ ತಂತಿ ಇಳಿಸಿ ವಿದ್ಯುತ್ ಕೊಟ್ಟು ರೋಗಿಗಳ ಬಿಗಿತ ಇಳಿಸಿದರು. ಡಿಬಿಎಸ್ ಎನ್ನುವ ಈ ಶಸ್ತ್ರಚಿಕಿತ್ಸೆ ಈಗ ಬೆಂಗಳೂರಿನಲ್ಲೂ ನಡೆಯುತ್ತದೆ.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ. ನಿಂತುಹೋದ ಓಡಾಟವನ್ನು ಮತ್ತೆ ತರುವ ಔಷಧ ಹುಡುಕುವುದರಲ್ಲಿ ಪ್ರಾಣಿಗಳು ನಮಗೆ ಸರಿಯಾದ ದಾರಿ ತೋರಿಸಿವೆ. ಕಾಯಿಲೆಯನ್ನೇ ತಡೆದು ನಿಲ್ಲಿಸುವ ಔಷಧ ಯಾವುದು ಎಂದು ಕೇಳಿದಾಗ ಮಾತ್ರ ಇಲ್ಲಿಯವರೆಗೆ ಅವು ಕೊಟ್ಟ ಉತ್ತರ ಮನುಷ್ಯರಲ್ಲಿ ನಿಂತಿಲ್ಲ. ಕಾಫಿ ಮೇಣದ ಸುದ್ದಿ ಈ ಎರಡನೆಯ ಗುಂಪಿಗೆ ಸೇರಿದ್ದು.

ನಿಂತಿಲ್ಲ ಎಂದು ಸುಮ್ಮನೆ ಹೇಳುತ್ತಿಲ್ಲ. ಕ್ರಿಯಾಟಿನ್ ಇಲಿಗಳ ಡೋಪಮಿನ್ ಜೀವಕೋಶಗಳನ್ನು ಎಂಪಿಟಿಪಿಯಿಂದ ಕಾಪಾಡಿತು. ಜಿಮ್ ಹುಡುಗರು ಡಬ್ಬಗಟ್ಟಲೆ ತಿನ್ನುವ ಅದೇ ಕ್ರಿಯಾಟಿನ್. 1,741 ರೋಗಿಗಳಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರು. ಪ್ರಯೋಜನವಿಲ್ಲ ಎಂದು 2013ರಲ್ಲಿ ನಿಲ್ಲಿಸಿದರು. ಕೋಎಂಜೈಮ್ ಕ್ಯೂ10 ಕೂಡ ಇಲಿಯಲ್ಲಿ ಗೆದ್ದಿತು, 600 ರೋಗಿಗಳಲ್ಲಿ ಸೋತಿತು. ಇವತ್ತಿಗೂ ಮೆಡಿಕಲ್ ಶಾಪುಗಳಲ್ಲಿ ನರಗಳಿಗೆ ಒಳ್ಳೆಯದು ಎಂದು ದುಬಾರಿ ಬೆಲೆಗೆ ಮಾರುತ್ತಾರೆ. ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಚುಚ್ಚುಮದ್ದು ಪ್ರಾಣಿಗಳಲ್ಲಿ ಚೆನ್ನಾಗಿತ್ತು, 2017ರ ಸಣ್ಣ ಪ್ರಯೋಗದಲ್ಲಿ ರೋಗಿಗಳಲ್ಲೂ ಆಸೆ ಹುಟ್ಟಿಸಿತು. 194 ಜನರ ಮೇಲಿನ ದೊಡ್ಡ ಪ್ರಯೋಗದ ಫಲ 2025ರಲ್ಲಿ ಬಂತು. ಏನೂ ಲಾಭವಿರಲಿಲ್ಲ.

ಕೆಫೀನ್ ಕೂಡ ಈ ದಾರಿಯನ್ನು ಪೂರ್ತಿ ನಡೆದು ಬಂದಿದೆ. ಹೊನೊಲುಲುವಿನಲ್ಲಿ 8,004 ಜಪಾನಿ ಮೂಲದ ಗಂಡಸರನ್ನು 30 ವರ್ಷ ಗಮನಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅವರಲ್ಲಿ 102 ಜನರಿಗೆ ಪಾರ್ಕಿನ್ಸನ್ ಬಂದಿತ್ತು. ಕಾಫಿ ಕುಡಿಯದವರಲ್ಲಿ ಕಾಯಿಲೆಯ ಪ್ರಮಾಣ, ತುಂಬಾ ಕುಡಿಯುವವರಲ್ಲಿ ಇದ್ದದ್ದರ ಸುಮಾರು ಐದು ಪಟ್ಟು. ಮರುವರ್ಷವೇ ಬಾಸ್ಟನ್ನಿನ ತಂಡವೊಂದು ಇಲಿಗಳಿಗೆ ಮೊದಲು ಕೆಫೀನ್, ಆಮೇಲೆ ಎಂಪಿಟಿಪಿ ಕೊಟ್ಟು ನೋಡಿತು. ಇಲಿಗಳಿಗೆ ಹಾನಿ ಕಡಿಮೆಯಾಯಿತು. ಪ್ರಮಾಣವೂ ಅತಿಯಲ್ಲ, ಕಿಲೋ ತೂಕಕ್ಕೆ 10 ಮಿಲಿಗ್ರಾಂ ಕೆಲಸ ಮಾಡಿತ್ತು. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ತಿರುಗಿಸುವಾಗ ನಾವು 12ರಿಂದ ಭಾಗಿಸುತ್ತೇವೆ, ಏಕೆಂದರೆ ಅಷ್ಟು ಸಣ್ಣ ಮೈ ಎಲ್ಲವನ್ನೂ ಬೇಗ ಅರಗಿಸಿ ಹೊರಹಾಕುತ್ತದೆ. 60 ಕಿಲೋ ಇರುವವರಿಗೆ ಅದು 50 ಮಿಲಿಗ್ರಾಂ ಆಯಿತು. ಒಂದು ಲೋಟ ಕಾಫಿಯಲ್ಲಿ ಸಿಗುವಷ್ಟು. ರೊಬಸ್ಟಾ ಆದರೆ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್, ಚಿಕೋರಿ ಬೆರೆಸಿದರೆ ಅಷ್ಟು ಕಡಿಮೆ. ಈ ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ಅಚ್ಚುಕಟ್ಟಾದ ಸುಳಿವು ಸಿಗುವುದು ಅಪರೂಪ. ಮನುಷ್ಯರ ಅಂಕಿಅಂಶ ಇದೆ, ಇಲಿಯ ಫಲ ಇದೆ, ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆಯೂ ಇದೆ. ಮಿದುಳಿನಲ್ಲಿ ಓಡಾಟಕ್ಕೆ ಬ್ರೇಕ್ ಹಾಕುವ ಎ2ಎ ಎಂಬ ಗ್ರಾಹಕವನ್ನು, ಅಂದರೆ ಜೀವಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನನ್ನು, ಕೆಫೀನ್ ಮುಚ್ಚುತ್ತದೆ. ಕೊನೆಗೆ ಕೆನಡಾದ ರೊನಾಲ್ಡ್ ಪೊಸ್ತುಮಾ ಅವರ ತಂಡ 121 ರೋಗಿಗಳಲ್ಲಿ ಪರೀಕ್ಷಿಸಿತು. ಅರ್ಧ ಜನಕ್ಕೆ ದಿನಕ್ಕೆ ಎರಡು ಸಲ 200 ಮಿಲಿಗ್ರಾಂ ಕೆಫೀನ್, ಉಳಿದವರಿಗೆ ಬರೀ ಹಿಟ್ಟಿನ ಮಾತ್ರೆ. 2017ರಲ್ಲಿ ಫಲ ಬಂತು. ಓಡಾಟದಲ್ಲಿ ಯಾವ ಸುಧಾರಣೆಯೂ ಇರಲಿಲ್ಲ. ಕಾಫಿ ಹೆಚ್ಚಿಸಬೇಡಿ ಎಂದು ಮೊದಲ ಸಾಲಿನಲ್ಲೇ ಹೇಳಿದ್ದು ಇದಕ್ಕೇ.

ಆದರೂ ಆ ಎ2ಎ ಸುಳಿವು ಪೂರ್ತಿ ವ್ಯರ್ಥವಾಗಲಿಲ್ಲ. ಕೆಫೀನ್‌ನ ರಚನೆಯನ್ನೇ ಹೋಲುವ, ಆ ಗ್ರಾಹಕವನ್ನು ಇನ್ನೂ ಗುರಿಯಿಟ್ಟು ಮುಚ್ಚುವ ಇಸ್ಟ್ರಡಿಫಿಲಿನ್ ಎಂಬ ಔಷಧವನ್ನು ಜಪಾನಿನಲ್ಲಿ ಮಾಡಿದರು. 1998ರಲ್ಲಿ ಎಂಪಿಟಿಪಿ ಮಂಗಗಳಲ್ಲಿ ಅದು ಕೆಲಸ ಮಾಡಿದ್ದು ಪ್ರಕಟವಾಯಿತು. ಜಪಾನಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಅಮೆರಿಕ 2008ರಲ್ಲಿ ಬೇಡ ಎಂದಿತು, 2019ರಲ್ಲಿ ಒಪ್ಪಿತು. ಯಾವುದಕ್ಕೆ ಗೊತ್ತೇ? ಲೆವೊಡೋಪಾ ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಶಕ್ತಿ ಇಳಿದು ಬಿಗಿತ ಬರುವ ಹೊತ್ತನ್ನು ಕಡಿಮೆ ಮಾಡಲು. ಕಾಯಿಲೆ ನಿಲ್ಲಿಸಲು ಅಲ್ಲ. ಮತ್ತೆ ಅದೇ ಕಥೆ, ನೋಡಿ.

ಯಾವಾಗ ಬರುತ್ತದೆ ಎಂಬುದಕ್ಕೆ ಇದನ್ನೇ ಅಳತೆಗೋಲು ಮಾಡಿಕೊಳ್ಳಿ. ಗೆದ್ದ ಔಷಧಕ್ಕೇ ಮಂಗದಿಂದ ಮನುಷ್ಯನಿಗೆ ಬರಲು 15, 20 ವರ್ಷ ಹಿಡಿದಿದೆ. ಮನುಷ್ಯರ ಮೊದಲ ಹಂತದ ಪ್ರಯೋಗಕ್ಕೆ ಬರುವ ಔಷಧಗಳಲ್ಲೇ ಹತ್ತರಲ್ಲಿ ಒಂದು ಅಂಗಡಿಗೆ ಬಂದರೆ ಹೆಚ್ಚು. ಇಲಿಯ ಹಂತದಲ್ಲೇ ಉಳಿಯುವವು ಆ ಲೆಕ್ಕಕ್ಕೇ ಬರುವುದಿಲ್ಲ. ಕಾಫಿ ಮೇಣದ ಅಂಶ ಒಂದು ದಿನ ಔಷಧವಾದರೂ ಆಗಬಹುದು. ನಿಮ್ಮ ಯೋಜನೆಯಲ್ಲಿ ಅದನ್ನು ಸೇರಿಸಿಕೊಳ್ಳಬೇಡಿ.

ಅಪ್ಪನಿಗೆ ಕಳೆದುಕೊಳ್ಳುವುದಕ್ಕೆ ಏನಿದೆ, ಈಗಲೇ ಕೊಟ್ಟರೆ ಏನಾಗುತ್ತದೆ ಎಂಬುದು ನಿಮ್ಮ ಪತ್ರದ ಒಳಗಿನ ಪ್ರಶ್ನೆ. ತಪ್ಪು ಪ್ರಶ್ನೆಯಲ್ಲ. ಫಿಯಾಲುರಿಡಿನ್ ಎಂಬ ಹೆಪಟೈಟಿಸ್ ಬಿ ಔಷಧದ ವಿಷಯ ಕೇಳಿ. ಇಲಿ, ನಾಯಿ, ಮಂಗ ಎಲ್ಲದರಲ್ಲೂ ಪರೀಕ್ಷೆ ದಾಟಿತ್ತು. 1993ರಲ್ಲಿ ಅಮೆರಿಕದಲ್ಲಿ 15 ರೋಗಿಗಳಿಗೆ ಕೊಟ್ಟರು. 7 ಜನರ ಲಿವರ್ ಕೈಕೊಟ್ಟಿತು. 5 ಜನ ಸತ್ತರು, ಇಬ್ಬರು ಲಿವರ್ ಕಸಿಯಿಂದ ಬದುಕಿದರು. ಮನುಷ್ಯರ ಮೈಟೊಕಾಂಡ್ರಿಯಾದ ಒಳಗೆ ಆ ಔಷಧವನ್ನು ಎಳೆದುಕೊಳ್ಳುವ ವ್ಯವಸ್ಥೆ ಇದೆ, ಇಲಿಯಲ್ಲಿ ಅದು ಇಲ್ಲ. ಎಲ್ಲ ಪರೀಕ್ಷೆ ಮಾಡಿಯೂ ಹೀಗಾಯಿತು. ಮಾಡದೆ ಕೊಟ್ಟರೆ? 68ರಲ್ಲಿ ತೋಟದಲ್ಲಿ ಒಂದು ಸುತ್ತು ಹಾಕಬಲ್ಲ, ಮಾತ್ರೆ ಹಿಡಿದಾಗ ಮನೆಯವರ ಜೊತೆ ಕೂತು ಮಾತಾಡಬಲ್ಲ ಮನುಷ್ಯನಿಗೆ ಕಳೆದುಕೊಳ್ಳುವುದು ಬಹಳ ಇದೆ.

ಇಲಿಯ ಫಲ ಬಂದ ಮೇಲೆ ನಡೆಯುವುದು ಇಷ್ಟು. ಕನಿಷ್ಠ ಎರಡು ಜಾತಿಯ ಪ್ರಾಣಿಗಳಲ್ಲಿ ವಿಷಗುಣ ನೋಡುತ್ತಾರೆ. ಹೃದಯ, ಉಸಿರಾಟ, ವಂಶವಾಹಿಗೆ ತೊಂದರೆ ಇದೆಯೇ ನೋಡುತ್ತಾರೆ. ಮನುಷ್ಯರಿಗೆ ಕೊಡುವ ಮೊದಲ ಪ್ರಮಾಣ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಇದಕ್ಕೆಲ್ಲ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. 2023ರಲ್ಲಿ ಅವನ್ನು ತಿದ್ದಿ, ಪ್ರಾಣಿಗಳ ಬದಲು ಮನುಷ್ಯರ ಜೀವಕೋಶಗಳಿಂದ ಬೆಳೆಸಿದ ಮಾದರಿಗಳನ್ನೂ ಬಳಸಲು ಅವಕಾಶ ಕೊಟ್ಟರು. ಪಾರ್ಕಿನ್ಸನ್ ಮಟ್ಟಿಗೆ ಇದು ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ರೋಗಿಯ ಚರ್ಮದ ಕೋಶದಿಂದಲೇ ಡೋಪಮಿನ್ ಕೋಶ ಬೆಳೆಸಿ, ಅವರ ಕಾಯಿಲೆಯನ್ನೇ ಮುಂದಿಟ್ಟುಕೊಂಡು ಔಷಧ ಹುಡುಕಬಹುದು.

ಈಗ ಕಳೆನಾಶಕ. ಎಂಪಿಪಿ ಪ್ಲಸ್ ಎಂದೆನಲ್ಲ, ಅದನ್ನೇ ಒಂದು ಕಾಲದಲ್ಲಿ ಸೈಪರ್‌ಕ್ವಾಟ್ ಎಂಬ ಹೆಸರಿನಲ್ಲಿ ಕಳೆನಾಶಕವಾಗಿ ಪರೀಕ್ಷಿಸಿದ್ದರು. ತೋಟಗಳಲ್ಲಿ ಹೊಡೆಯುವ ಪ್ಯಾರಾಕ್ವಾಟ್ ರಚನೆಯಲ್ಲಿ ಅದಕ್ಕೆ ಹತ್ತಿರದ ನೆಂಟ. ಈ ಹೋಲಿಕೆ ನೋಡಿಯೇ ಸಂಶೋಧಕರು ರೈತರ ಕಡೆ ತಿರುಗಿದರು. ಅಮೆರಿಕದ ಕೃಷಿಕರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಂಭವ ಎರಡೂವರೆ ಪಟ್ಟು ಕಂಡಿತು. ರೊಟೆನೋನ್ ಎಂಬ ಕೀಟನಾಶಕಕ್ಕೂ ಅಷ್ಟೇ. ಇಲಿಗಳಲ್ಲೂ ಇವೆರಡು ಡೋಪಮಿನ್ ಕೋಶಗಳಿಗೆ ಹಾನಿ ಮಾಡುತ್ತವೆ. ಯುರೋಪ್ ಒಕ್ಕೂಟದಲ್ಲಿ ಪ್ಯಾರಾಕ್ವಾಟ್ 2007ರಿಂದ ಇಲ್ಲ.

ಇಷ್ಟಿದ್ದರೂ ನಿಮ್ಮ ತಂದೆಯವರಿಗೆ ಇದರಿಂದಲೇ ಬಂತು ಎಂದು ಯಾರೂ ಹೇಳಲಾಗದು. ಹೊಡೆದವರಲ್ಲಿ ಹೆಚ್ಚಿನವರಿಗೆ ಬಂದಿಲ್ಲ, ತೋಟದ ಮುಖವನ್ನೇ ನೋಡದವರಿಗೂ ಬಂದಿದೆ. ಅಪ್ಪ ತಾವೇ ತಪ್ಪು ಮಾಡಿಕೊಂಡೆ ಎಂದು ಕೊರಗುತ್ತಿದ್ದರೆ ಅದು ಬೇಡ ಎಂದು ಹೇಳಿ. ನೀವು ಮಾತ್ರ ಡಬ್ಬದ ಮೇಲೆ ಏನು ಬರೆದಿದೆ ಎಂದು ಓದಿ, ಎಲ್ಲ ಕಳೆನಾಶಕವೂ ಒಂದೇ ಅಲ್ಲ. ಪ್ಯಾರಾಕ್ವಾಟ್ ಇದ್ದರೆ ಬಿಟ್ಟುಬಿಡಿ ಎನ್ನುತ್ತೇನೆ. ಪಾರ್ಕಿನ್ಸನ್ ಮಾತು ಹಾಗಿರಲಿ, ಅದು ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ. ಕಳೆ ಕೊಚ್ಚುವ ಯಂತ್ರಕ್ಕೆ ಆಳಿನ ಖರ್ಚು ಜಾಸ್ತಿ ಎಂದು ಗೊತ್ತು. ಆದರೂ.

ನಸುಗುನ್ನಿಯನ್ನು ನಾನು ಸುಮ್ನೆ ನಾಟಿ ಮದ್ದು ಎಂದು ತಳ್ಳಿಹಾಕುವುದಿಲ್ಲ. ಅದರಲ್ಲಿ ಇರುವುದು ಲೆವೊಡೋಪಾನೇ. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಇದರ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಪಾರ್ಕಿನ್ಸನ್‌ಗೆ ಅದು ಮದ್ದು ಎಂದು ಜಗತ್ತಿಗೆ ತಿಳಿಯುವುದಕ್ಕೆ 20 ವರ್ಷಕ್ಕೂ ಹಿಂದೆ. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳಿಗೆ 30 ಗ್ರಾಂ ಪುಡಿ ಕೊಟ್ಟು ನೋಡಿದಾಗ ಮಾತ್ರೆಗಿಂತ ಬೇಗ ಕೆಲಸ ಶುರುವಾಗಿತ್ತು. ಅಪಾಯ ಇರುವುದೂ ಅಲ್ಲೇ. ತಂದೆಯವರು ಈಗಾಗಲೇ ಅದೇ ಔಷಧವನ್ನು ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳುತ್ತಿದ್ದಾರೆ. ಅದರ ಮೇಲೆ ಪುಡಿ ಕೊಟ್ಟರೆ ಅಳತೆಯಿಲ್ಲದ ಐದನೇ ಮಾತ್ರೆ ಕೊಟ್ಟ ಹಾಗೆ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ ಇರುತ್ತದೆ. ಮೈ ತಾನಾಗಿ ತಿರುಚುವುದು, ಎದ್ದು ನಿಂತಾಗ ಬಿಪಿ ಇಳಿದು ಬೀಳುವುದು, ಇಲ್ಲದ್ದು ಕಾಣುವುದು, ಎಲ್ಲ ಆಗಬಹುದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಡಬ್ಬ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಹೊಸ ಔಷಧದ ಪ್ರಯೋಗಕ್ಕೆ ಸೇರಬೇಕು ಎನಿಸಿದರೆ ಅದಕ್ಕೂ ನೇರ ದಾರಿ ಇದೆ. ದೇಶದಲ್ಲಿ ನಡೆಯುವ ಇಂಥ ಪ್ರಯೋಗಗಳೆಲ್ಲ ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ದಾಖಲಾಗಬೇಕು. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಹುಡುಕಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಳಬಹುದು. ಪ್ರಯೋಗದ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಸ್ಟೆಮ್ ಸೆಲ್ ಚುಚ್ಚಿ ಪಾರ್ಕಿನ್ಸನ್ ವಾಸಿ ಮಾಡುತ್ತೇವೆ, ಇಷ್ಟು ಲಕ್ಷ ಕಟ್ಟಿ ಎಂದರೆ ಅದು ಪ್ರಯೋಗವೂ ಅಲ್ಲ, ಚಿಕಿತ್ಸೆಯೂ ಅಲ್ಲ, ಅಲ್ಲಿಂದಲೇ ವಾಪಸ್ ಬನ್ನಿ.

ನಿಮ್ಮ ಪತ್ರದಲ್ಲಿ ನನಗೆ ಇಲಿಗಿಂತ ಮುಖ್ಯ ಎನಿಸಿದ್ದು ಮಾತ್ರೆಯ ಶಕ್ತಿ ಬೇಗ ಇಳಿಯುತ್ತದೆ ಎಂಬ ಸಾಲು. ಅದಕ್ಕೆ ಹೊಸ ಔಷಧ ಬರುವವರೆಗೆ ಕಾಯಬೇಕಾಗಿಲ್ಲ. ಮಾತ್ರೆಯ ಹೊತ್ತು ಬದಲಿಸಬಹುದು. ಲೆವೊಡೋಪಾ ಜಾಸ್ತಿ ಹೊತ್ತು ಉಳಿಯುವಂತೆ ಎಂಟಾಕಪೋನ್ ಸೇರಿಸಬಹುದು. ಮಾವೋ-ಬಿ ಕಿಣ್ವ ತಡೆಯುವ ರಸಾಜಿಲಿನ್ ಕೊಡಬಹುದು, ಎಂಪಿಟಿಪಿ ಕಥೆಯಲ್ಲಿ ಬಂದ ಅದೇ ಕಿಣ್ವ. ಊಟದ ಪ್ರೋಟೀನ್ ಲೆವೊಡೋಪಾ ಮಿದುಳಿಗೆ ಹೋಗುವುದಕ್ಕೆ ಅಡ್ಡ ಬರುತ್ತದೆ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟು, ಬೇಳೆ ಮೊಟ್ಟೆ ಮಾಂಸ ಆಮೇಲೆ ಬಡಿಸಿದರೆ ಎಷ್ಟೋ ಜನರಿಗೆ ವ್ಯತ್ಯಾಸ ಕಾಣುತ್ತದೆ. ಒಂದು ವಾರ ನೋಟ್‌ಬುಕ್ಕಿನಲ್ಲಿ ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಬಿಗಿತ ಯಾವಾಗ ಎಂದು ಬರೆದಿಡಿ. ಅದನ್ನು ಹಾಸನಕ್ಕೆ ಹೋಗುವಾಗ ಜೊತೆಗೆ ಒಯ್ಯಿರಿ. ಡಿಬಿಎಸ್ ತಂದೆಯವರಿಗೆ ಆಗುತ್ತದೆಯೇ ಎಂದೂ ಅದೇ ದಿನ ಕೇಳಿ. ವಯಸ್ಸಾದಷ್ಟೂ ಆ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಕಡಿಮೆ, ಹಾಗಾಗಿ ಇನ್ನೆರಡು ವರ್ಷ ನೋಡೋಣ ಎಂದು ಮುಂದೂಡಬೇಡಿ.